ಬಣ್ಣ ಆರಿಸುವ ಮೊದಲು ಬಾವಿ ನೀರು ನೋಡಿ

ಮಾನ್ಯ ಸಂಪಾದಕರೇ,

ದಸರಾ ಕಳೆದದ್ದೇ ತಡ, ಕಾರವಾರದಿಂದ ಭಟ್ಕಳದವರೆಗೆ ಪೇಂಟಿಂಗ್ ಗ್ಯಾರೇಜುಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಈಚೆಗೆ ಆ ಸಾಲಿನಲ್ಲಿ ಎರಡು ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿನ ಹಳೆಯ ಸ್ಪೋರ್ಟ್ಸ್ ಕಾರುಗಳೂ ಕಾಣುತ್ತವೆ. ದೀಪಾವಳಿಯೊಳಗೆ ಹೊಳೆಯಬೇಕು ಎಂಬ ಅವಸರ ಎಲ್ಲರಿಗೂ. ಮೈಗೆ ಕೆಂಪೋ ಹಳದಿಯೋ, ಚಕ್ರಕ್ಕೆ ಕಪ್ಪೋ ಬೆಳ್ಳಿಯೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಯಾವ ನೀರಿನಲ್ಲಿ ಉಜ್ಜುತ್ತೀರಿ, ದಿನದ ಯಾವ ಹೊತ್ತಿನಲ್ಲಿ ಬಣ್ಣ ಹೊಡೆಯುತ್ತೀರಿ ಎಂದು ಕೇಳುವವರು ಮಾತ್ರ ಇಲ್ಲ. ನಮ್ಮ ಕರಾವಳಿಯಲ್ಲಿ ಬಣ್ಣದ ಆಯಸ್ಸು ನಿಂತಿರುವುದು ಈ ಎರಡರ ಮೇಲೆ.

ಮೊದಲು ನೀರು. ಹೊಸ ಬಣ್ಣದಲ್ಲಿ ಗುಳ್ಳೆ ಎದ್ದರೆ ಪೇಂಟ್ ಕಂಪನಿಯನ್ನು ಬೈಯುವುದು ರೂಢಿ. ಪುಟ್ಟಿ, ಪ್ರೈಮರ್ ಮೇಲೆ ವಾಟರ್ ಪೇಪರ್ ಹಾಕಿ ಉಜ್ಜುವಾಗ ಹಿತ್ತಲಿನ ಬಾವಿಯ ನೀರನ್ನೇ ಸುರಿಯುತ್ತಾರೆ. ಸಮುದ್ರಕ್ಕೆ, ಕಾಳಿ-ಅಘನಾಶಿನಿ-ಶರಾವತಿ ಅಳಿವೆಗಳಿಗೆ ಹತ್ತಿರದ ಬಾವಿಗಳು ಬೇಸಿಗೆ ಬಂತೆಂದರೆ ಸವಳಾಗುತ್ತವೆ. ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಅದರ ಮೇಲೆ ಬಣ್ಣ ಬೀಳುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ನೋಡಲು ಗಾಜಿನಂತಿದ್ದರೂ ನೀರಾವಿಯನ್ನು ಅಷ್ಟಿಷ್ಟು ಒಳಗೆ ಬಿಟ್ಟೇ ಬಿಡುತ್ತದೆ. ಒಳಗೆ ಸಿಕ್ಕಿಬಿದ್ದ ಉಪ್ಪು ಆ ತೇವವನ್ನು ಹೀರಿಕೊಂಡು ಉಬ್ಬುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾನೆಟ್ ತುಂಬ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ: ಗಾಜಿನ ಚೂರಿನ ಮೇಲೆ ನಾಲ್ಕು ಹನಿ ಬಾವಿ ನೀರು ಬಿಟ್ಟು ಬಿಸಿಲಿಗಿಡಿ, ಬಿಳಿ ಉಂಗುರ ಉಳಿದರೆ ಆ ನೀರು ಬಣ್ಣದ ಕೆಲಸಕ್ಕೆ ಬೇಡ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 100 ಪಿಪಿಎಂ ಒಳಗಿರುವ ನೀರು ಆರಿಸಿ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಇದಕ್ಕೆ ಪರದಾಡಬೇಕಾದ್ದೂ ಇಲ್ಲ. ಮಾಡು ತೊಳೆದುಹೋಗುವಂತೆ ಮೊದಲ ಎರಡು ಮೂರು ಮಳೆ ಬಿಟ್ಟು, ಆಮೇಲೆ 200 ಲೀಟರಿನ ಎರಡು ಡ್ರಮ್ ತುಂಬಿಸಿ ಮುಚ್ಚಿಟ್ಟರೆ ಸಾಕು. ಒಂದು ಚಿಕ್ಕ ಕಾರಿನ ಕೊನೆಯ ತೊಳೆತಕ್ಕೆ 20 ಲೀಟರ್ ಹಿಡಿಯುತ್ತದೆ.

ತುಕ್ಕಿನ ಗುಂಡಿಗೂ ಇದೇ ಮಾತು. ಹೊಳಪು ಬರುವವರೆಗೆ ಎಮರಿ ಹೊಡೆದರೂ ಗುಂಡಿಯ ತಳದಲ್ಲಿ ಉಪ್ಪು ಕೂತಿರುತ್ತದೆ. ವೈರ್ ಬ್ರಷ್ ಹಿಡಿದು ಸಿಹಿನೀರಿನಲ್ಲಿ ತಿಕ್ಕಿ, ಬಿಸಿ ಗಾಳಿಯಲ್ಲಿ ಒಣಗಿಸಿ, ಮತ್ತೊಮ್ಮೆ ಉಜ್ಜಿ, ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೈ (ಪದರ) ಹೊಡೆಯಬೇಕು. ಬರಿ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕಂದು ಪೊರೆ ಬಂದಿರುತ್ತದೆ.

ಇನ್ನು ಗಾಳಿ. ಬಣ್ಣ ಹೊಡೆಯುವ ಲೋಹದ ಮೈ, ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎಂಬುದು ಈ ಕಸುಬಿನ ಹಳೆಯ ನಿಯಮ. ಗಾಳಿ 28 ಡಿಗ್ರಿ ಇದ್ದು ತೇವಾಂಶ ಶೇ 85 ಇದ್ದರೆ ಇಬ್ಬನಿ ಬಿಂದು 25 ಡಿಗ್ರಿ ದಾಟಿರುತ್ತದೆ. ಅಕ್ಟೋಬರದ ಕಾರವಾರಕ್ಕೆ ಇದೇನೂ ಅಪರೂಪವಲ್ಲ. ಅಲ್ಲಿಗೆ ಬೇಕಾದ 3 ಡಿಗ್ರಿ ಅಂತರ ಉಳಿಯಲಿಲ್ಲ. ಅಂಥ ದಿನ ಬೇಗ ಆರಲಿ ಎಂದು ಫಾಸ್ಟ್ ತಿನ್ನರ್ ಬೆರೆಸಿದರೆ ಅದು ಹಾರುವಾಗ ಮೈಯನ್ನು ಇನ್ನಷ್ಟು ತಂಪು ಮಾಡುತ್ತದೆ, ತೇವ ಬಂದು ಕೂರುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಮಸುಕಾಗುತ್ತದೆ. ಸ್ಲೋ ತಿನ್ನರ್ ಬಳಸಿ, ಪ್ರತಿ ಕೈಯ ನಡುವೆ 10ರಿಂದ 15 ನಿಮಿಷ ಬಿಡಿ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬೆಳಿಗ್ಗೆ ಬಸಿಯಿರಿ. ಪೈಪಿನಲ್ಲಿ ಬಂದ ಒಂದು ಹನಿ ಸಾಕು ಇಡೀ ಬಾಗಿಲು ಕೆಡಲು. ನನ್ನ ಕೇಳಿದರೆ ದೀಪಾವಳಿಯ ಹಂಬಲ ಬಿಟ್ಟು ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ. ಆಗ ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಒಣಗಿ ಬರುತ್ತದೆ. ಇಬ್ಬನಿ ಹಾರಿ ತಗಡು ಬೆಚ್ಚಗಾದ ಮೇಲೆ, ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ಕ್ಲಿಯರ್ ಮುಗಿದಿರಬೇಕು. ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯುವುದಿಲ್ಲ, ದಮ್ಮು ಅಂಟಿಕೊಂಡರೆ ಬಿಡುವುದಿಲ್ಲ. ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕ್ ಇಲ್ಲದೆ ಹುಡುಗರ ಕೈಗೆ ಗನ್ ಕೊಡುವ ಮಾಲೀಕರು ಇದನ್ನು ಓದಲಿ.

ಇಷ್ಟೆಲ್ಲ ಹೇಳಿದರೂ, ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳಿಗೆ ಹೊಸ ಬಣ್ಣವೇ ಬೇಡ. ಮಾಸಿದ ಜಾಗವನ್ನು ಒದ್ದೆ ಮಾಡಿ ನೋಡಿ. ಒದ್ದೆಯಾದಾಗ ಬಣ್ಣ ಮೊದಲಿನಂತೆ ಕಂಡರೆ ಪಾಲಿಶ್ ಸಾಕು. ಒದ್ದೆಯಾದರೂ ಬಿಳಿ ತೇಪೆ, ಸುಲಿದ ಅಂಚು ಹಾಗೇ ಇದ್ದರೆ ಕ್ಲಿಯರ್ ಸತ್ತಿದೆ. ಅದಕ್ಕೆ ಎಷ್ಟು ಕಾಂಪೌಂಡ್ (ಒರಟು ಪಾಲಿಶ್) ತಿಕ್ಕಿದರೂ ದಂಡ. ಗೀರಿನಲ್ಲಿ ಉಗುರು ಸಿಕ್ಕಿಕೊಂಡರೆ ಅದೂ ಪಾಲಿಶ್‌ಗೆ ಬಗ್ಗುವುದಿಲ್ಲ. ಹಳೆಯ ಕೆಂಪು ಕಾರುಗಳಲ್ಲಿ ಒಂದು ವಿಶೇಷ: ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಮೂಲೆಯಲ್ಲಿ ತಿಕ್ಕಿದಾಗ ಬಟ್ಟೆ ಕೆಂಪಾದರೆ ಮೇಲೆ ಕ್ಲಿಯರ್ ಇಲ್ಲ ಎಂದರ್ಥ. ಅಂಥ ಒಂಟಿ ಪದರದ ಕೆಂಪು ಬಿಸಿಲಿಗೆ ಗುಲಾಬಿ ಸುಣ್ಣದಂತಾಗುತ್ತದೆ, ಆದರೆ ತಾಳ್ಮೆಯಿಂದ ಪಾಲಿಶ್ ಮಾಡಿದರೆ ಮೂಲ ಕೆಂಪು ಬೆರಗಾಗುವಂತೆ ಮರಳುತ್ತದೆ.

ಬಣ್ಣದ ದಪ್ಪ ಅಳೆಯದೆ ಪಾಲಿಶ್ ಮಷಿನ್ ಮುಟ್ಟಬೇಡಿ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಅದರಲ್ಲಿ ಕ್ಲಿಯರ್ 35ರಿಂದ 50. ದಪ್ಪ ಅಳೆಯುವ ಮೀಟರ್ 300 ತೋರಿಸಿದರೆ ಅಲ್ಲಿ ಹಿಂದೊಮ್ಮೆ ಬಣ್ಣ ಬಿದ್ದಿದೆ, ಸಾವಿರ ದಾಟಿದರೆ ಒಳಗೆ ಪುಟ್ಟಿ ತುಂಬಿದೆ. ಕಾಂಪೌಂಡಿನ ಒಂದು ಸುತ್ತು 2ರಿಂದ 4 ಮೈಕ್ರಾನ್ ತಿನ್ನುತ್ತದೆ. ಬಿಸಿಲು ತಡೆಯುವ ಶಕ್ತಿ ಕ್ಲಿಯರ್‌ನಲ್ಲೇ ಇರುವುದರಿಂದ, ಕಾರಿನ ಇಡೀ ಬಾಳಿನಲ್ಲಿ 8-10 ಮೈಕ್ರಾನಿಗಿಂತ ಹೆಚ್ಚು ತೆಗೆಯದಿರುವುದು ಲೇಸು. ಗೋವಾದಲ್ಲಿ ತಯಾರಾಗಿ 1998ರಲ್ಲಿ ಹೊರಬಂದ ಸ್ಯಾನ್ ಸ್ಟಾರ್ಮ್‌ನಂಥ ಫೈಬರ್‌ಗ್ಲಾಸ್ ಮೈಯ ಕಾರಿಗೆ ಮಾಮೂಲಿ ಮ್ಯಾಗ್ನೆಟ್ ಮೀಟರ್ ಕೆಲಸ ಮಾಡದು, ಅಲ್ಟ್ರಾಸೋನಿಕ್ ಬೇಕು. ಅದಕ್ಕೆ ಪೇಂಟ್ ರಿಮೂವರ್ ಹಚ್ಚುವುದಂತೂ ಸಲ್ಲದು. ಬಣ್ಣದ ಜೊತೆ ರಾಳವನ್ನೂ ತಿನ್ನುತ್ತದೆ. ಕೈಯಿಂದ ಉಜ್ಜಿಯೇ ಇಳಿಸಬೇಕು.

ಪಾಲಿಶ್‌ಗೆ ಮೊದಲು ಶುಚಿ. ಒಣಬಟ್ಟೆಯಲ್ಲಿ ಧೂಳು ಒರೆಸುವುದೆಂದರೆ ಉಪ್ಪಿನ ಹರಳಿನಿಂದ ಎಮರಿ ಹೊಡೆದಂತೆ. ಧಾರಾಳ ನೀರು ಹಾಯಿಸಿ, ಶಾಂಪೂ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡು ಮೇಲಿಂದ ಕೆಳಗೆ ತೊಳೆಯಿರಿ. ಡಾಂಬರಿನ ಚುಕ್ಕೆಗೆ ಸೀಮೆಎಣ್ಣೆ ಆದೀತು, ಆದರೆ ಕೂಡಲೇ ಸೋಪಿನಲ್ಲಿ ತೊಳೆಯಬೇಕು. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ, ಅಡುಗೆಮನೆಯ ಉಪಾಯವೇ ಇಲ್ಲೂ. ಮಾವಿನ ಸೊನೆ ಮಾತ್ರ ಕ್ಲಿಯರ್ ಅನ್ನು ಸುಡುವುದರಿಂದ ಅಂದೇ ತೊಳೆಯದಿದ್ದರೆ ಗುರುತು ಉಳಿಯುತ್ತದೆ. ಬ್ರೇಕಿನ ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಸಿಂಪಡಿಸಿದರೆ ನೇರಳೆಯಾಗಿ ಇಳಿಯುತ್ತದೆ. ಅದು ಒಣಗಲು ಬಿಡಬೇಡಿ. ಕೊನೆಗೆ ಮೈಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಬಾರ್, ಸೋಪಿನ ನೀರಿನ ಜಾರಿಕೆಯ ಮೇಲೆ. ಕೆಳಗೆ ಬಿದ್ದ ಕ್ಲೇ ಎತ್ತಿಕೊಳ್ಳದೆ ಎಸೆಯಿರಿ.

ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ಮಷಿನ್‌ಗೆ 5 ಇಂಚಿನ ಫೋಮ್ ಪ್ಯಾಡ್, ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್, ಎರಡಡಿ ಚೌಕದ ಜಾಗ, ಅಡ್ಡ-ಉದ್ದ ನಾಲ್ಕರಿಂದ ಆರು ಸಲ, ಸೆಕೆಂಡಿಗೆ ಒಂದೆರಡು ಇಂಚಿನ ವೇಗ. ಸದಾ ಮೃದು ಪಾಲಿಶ್‌ನಿಂದ ಶುರುಮಾಡಿ, ಅದಕ್ಕಾಗದಿದ್ದರೆ ಮಾತ್ರ ಕಾಂಪೌಂಡ್. ಸ್ಪೋರ್ಟ್ಸ್ ಕಾರಿನ ಮೈ ತುಂಬ ಏಣು, ಮಡಿಕೆ. ಏಣಿನ ಮೇಲೆ ಬಣ್ಣ ತೆಳ್ಳಗಿರುತ್ತದೆ, ಮಷಿನ್ ಅಲ್ಲೇ ಮೊದಲು ಸುಡುತ್ತದೆ. ಟೇಪ್ ಅಂಟಿಸಿ, ಕೊನೆಗೆ ಕೈಯಿಂದ ಮುಗಿಸಿ. ರೋಟರಿ ಮಷಿನ್‌ಗೆ ಉಣ್ಣೆಯ ಪ್ಯಾಡ್ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡುವ ಪಾಲಿಶ್ ನೆರಳಿನಲ್ಲಿ ಕನ್ನಡಿಯಂತೆ ಕಂಡರೂ ಬಿಸಿಲಿಗೆ ತಂದಾಗ ಜೇಡರ ಬಲೆ. ಸೆರಾಮಿಕ್ ಕೋಟಿಂಗ್ ಮಾಡಿಸುವುದಿದ್ದರೆ ಮಳೆಗಾಲ ದಾಟಲಿ. ತೇವದ ಗಾಳಿಯಲ್ಲಿ ಅದು ಒರೆಸುವ ಮೊದಲೇ ಗಟ್ಟಿಯಾಗಿ ಮೋಡದಂಥ ಕಲೆ ಬಿಡುತ್ತದೆ.

ಈಗ ಬಣ್ಣದ ಆಯ್ಕೆ. ಬೇರೆ ಎಲ್ಲಕ್ಕಿಂತ ಮೊದಲು ಕಾರಿನ ಮೂಲ ಬಣ್ಣದ ಕೋಡ್ ನೋಡಿ, ಬಾಗಿಲ ಕಂಬದಲ್ಲೋ ಬಾನೆಟ್ ಒಳಗೋ ತಗಡಿನ ಮೇಲಿರುತ್ತದೆ. ಮೂಲ ಬಣ್ಣಕ್ಕೇ ಮರಳಿದರೆ ಬಾಗಿಲ ಸಂದು, ಎಂಜಿನ್ ಕೋಣೆ ಬಿಚ್ಚುವ ಖರ್ಚು ಉಳಿಯುತ್ತದೆ, ಮಾರುವಾಗಲೂ ಬೆಲೆ ಸಿಗುತ್ತದೆ. ಬದಲಿಸಲೇಬೇಕೆಂದರೆ, ಎರಡು ವರ್ಷದ ಮೇಲೆ ಅಂಕೋಲೆಯಲ್ಲೋ ಕುಮಟೆಯಲ್ಲೋ ಒಂದು ಫೆಂಡರ್‌ಗೆ ಪೆಟ್ಟಾದರೆ ಅದೇ ಬಣ್ಣ ಮತ್ತೆ ಕೂರಿಸಬಹುದೇ ಎಂದು ಯೋಚಿಸಿ. ಸಾದಾ ಬಿಳಿ, ಕೆಂಪು, ಹಳದಿ ಸುಲಭ. ಬೆಳ್ಳಿ ಬಣ್ಣ ಗೀರು, ಉಪ್ಪಿನ ಕಲೆಗಳನ್ನು ಚೆನ್ನಾಗಿ ಮುಚ್ಚುತ್ತದೆ, ಆದರೆ ತೇಪೆ ಹಾಕುವುದು ಅದಕ್ಕೇ ಕಷ್ಟ: ಗಾಳಿಯ ಒತ್ತಡ ಸ್ವಲ್ಪ ಹೆಚ್ಚು ಕಡಿಮೆಯಾದರೂ ಲೋಹದ ಚೂರುಗಳು ಬೇರೆ ರೀತಿ ಮಲಗಿ ಬಣ್ಣ ಬದಲಾಗುತ್ತದೆ. ಪಕ್ಕದ ಬಾಗಿಲಿಗೂ ಹಾಯಿಸಿ ಬೆರೆಸಲೇಬೇಕು. ಮುತ್ತಿನಂತೆ ಮಿನುಗುವ ಮೂರು ಪದರದ ಪರ್ಲ್ ಇನ್ನೂ ಹಟಮಾರಿ. ಎರಡು, ಮೂರು, ನಾಲ್ಕು ಕೈ ಹೊಡೆದ ಕಾರ್ಡುಗಳನ್ನು ಬಿಸಿಲಿನಲ್ಲಿ ಕಾರಿಗೆ ಹಿಡಿದು ನೋಡದೆ ಗನ್ ಎತ್ತಬಾರದು. ಕಪ್ಪಿನ ಅಂದಕ್ಕೆ ಎಣೆಯಿಲ್ಲ, ಆದರೆ ಸಮುದ್ರದಂಡೆಯಲ್ಲಿ ಪ್ರತಿ ಹನಿ ಒಣಗಿ ಬಿಳಿ ಚುಕ್ಕೆ. ಶಿರಸಿ, ಸಿದ್ದಾಪುರದವರ ಲೆಕ್ಕ ಬೇರೆ. ಅಲ್ಲಿ ಉಪ್ಪಿನ ಕಾಟವಿಲ್ಲ, ಕೆಂಪು ಮಣ್ಣಿದೆ, ಅಂಗಳದಲ್ಲಿ ಅಡಿಕೆ ಬೇಯಿಸುವ ಮನೆಗಳಲ್ಲಿ ಅದರ ಕೆಂಪು ನೀರಾದ ಚೊಗರಿದೆ. ಬಿಳಿ ಕಾರಿನ ಕೆಳಭಾಗ ಎಂದೂ ಬಿಳಿ ಉಳಿಯದು. ಜುಲೈ ತಿಂಗಳ ದೇವಿಮನೆ ಘಟ್ಟದ ಮಂಜಿನಲ್ಲಿ ಬೂದು ಬಣ್ಣದ ತಗ್ಗು ಕಾರು ಎದುರಿನ ಲಾರಿಯವನಿಗೆ ಕಾಣುವುದೇ ಇಲ್ಲ, ಹಳದಿ, ಕಿತ್ತಳೆ ಕಾಣುತ್ತದೆ.

ಯುವಕರಲ್ಲಿ ಮಿಲಿಟರಿ ಹಸಿರಿನ ಮೋಹ ಹೆಚ್ಚಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನೌಕಾನೆಲೆ ಇರುವ ಊರಿನಲ್ಲಿ ಇದನ್ನು ನೆನಪಿಸಬೇಕಾಗಿ ಬಂದದ್ದೇ ಸೋಜಿಗ. ಬೇರೆ ಯಾವ ಬಣ್ಣಕ್ಕೆ ಬದಲಿಸಿದರೂ ಆರ್‌ಸಿಯಲ್ಲಿ ತಿದ್ದಿಸಿಕೊಳ್ಳಿ. ಇಲ್ಲವಾದರೆ ವಿಮೆಯ ಹೊತ್ತಿಗೆ ತಕರಾರು.

ಚಕ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕರಾವಳಿಗೆ ಡೈಮಂಡ್ ಕಟ್ ಅಲಾಯ್ (ಮುಖವನ್ನು ಯಂತ್ರದಲ್ಲಿ ಕಡೆದು ಲೋಹದ ಹೊಳಪು ತೋರಿಸುವ ಚಕ್ರ) ಬೇಡ. ಕಡೆದ ಅಂಚಿನಲ್ಲಿ ಲ್ಯಾಕರ್ ತೆಳು, ಒಂದು ಕಲ್ಲು ಬಡಿದರೆ ಸಾಕು, ಉಪ್ಪು ಒಳಹೊಕ್ಕು ಬಿಳಿ ಹುಳು ಹರಿದಂತೆ ಗೆರೆ ಎಳೆಯುತ್ತದೆ. ಪುಡಿ ಬಣ್ಣ ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಒಳ್ಳೆಯದು, 60ರಿಂದ 80 ಮೈಕ್ರಾನ್. ಎರಕದ ಚಕ್ರವನ್ನು ಪುಡಿ ಹಾಕುವ ಮೊದಲೇ ಒಮ್ಮೆ ಬಿಸಿ ಮಾಡಿ ಒಳಗಿನ ಗಾಳಿ ಹೊರಡಿಸದಿದ್ದರೆ ಸೂಜಿ ತೂತುಗಳು ಬೀಳುತ್ತವೆ. ಒಲೆ 200 ಡಿಗ್ರಿ ದಾಟಬಾರದು, ಮತ್ತೆ ಮತ್ತೆ ಬೇಯಿಸಲೂಬಾರದು. ಅಲ್ಯೂಮಿನಿಯಂ ತನ್ನ ಗಡಸು ಕಳೆದುಕೊಳ್ಳುತ್ತದೆ. ನಟ್ಟು ಕೂರುವ ಕುಳಿ ಮತ್ತು ಹಬ್‌ಗೆ ತಾಗುವ ಹಿಂಬದಿಗೆ ಪುಡಿ ಬೀಳದಂತೆ ಮುಚ್ಚಲೇಬೇಕು. ಅಲ್ಲಿನ ಪದರ ಜಜ್ಜಿಹೋಗಿ ನಟ್ಟು ಸಡಿಲವಾಗುತ್ತದೆ. ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೆ ಬಿಗಿಮಾಡಿ. ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿಯುವ ಕ್ಲಿಪ್ ತೂಕ ಬೇಡ, ಒಳಗೆ ಅಂಟಿಸುವ ತೂಕವೇ ಇರಲಿ. ಬಣ್ಣದಲ್ಲಿ ಗನ್‌ಮೆಟಲ್ ಬ್ರೇಕ್ ಪುಡಿಯನ್ನು ನುಂಗಿಕೊಳ್ಳುತ್ತದೆ, ಕೆಂಪು, ಬಿಳಿ, ಹಳದಿ ಮೂರಕ್ಕೂ ಒಪ್ಪುತ್ತದೆ. ಕಡುನೀಲಿ, ಕಡುಹಸಿರಿಗೆ ಚಿನ್ನದ ಬಣ್ಣ. ಜಪಾನಿನ ಸುಬಾರು ಕಂಪನಿಯ ರ‍್ಯಾಲಿ ಕಾರುಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಕಪ್ಪು ಚಕ್ರ ಮಾತ್ರ ಕಡ್ಡಿಗಳ ವಿನ್ಯಾಸವನ್ನೆಲ್ಲ ನುಂಗಿ ಟೈರಿನ ಜೊತೆ ಒಂದೇ ಗುಂಡಿಯಂತೆ ಕಾಣುತ್ತದೆ. ಆದರೂ ಹತ್ತರಲ್ಲಿ ಏಳು ಜನ ಅದನ್ನೇ ಕೇಳುತ್ತಾರೆ, ಏನು ಮಾಡುವುದು.

ಗ್ಯಾರೇಜುಗಳಿಗೆ ಒಂದು ವಿನಂತಿ. ಬಿಲ್ಲಿನಲ್ಲಿ ‘ಫುಲ್ ಪೇಂಟಿಂಗ್’ ಎಂದಷ್ಟೇ ಬರೆಯದೆ ಬಣ್ಣದ ಕೋಡ್, ಕ್ಲಿಯರ್ ಮತ್ತು ಹಾರ್ಡ್‌ನರ್‌ನ ಹೆಸರು, ಬೆರೆಸಿದ ಪ್ರಮಾಣ, ಎಷ್ಟು ಕೈ ಎಂಬುದನ್ನು ಬರೆದುಕೊಡಿ. ಉಳಿದ ಬಣ್ಣದಲ್ಲಿ 100 ಮಿ.ಲೀ. ಗಾಜಿನ ಸೀಸೆಯಲ್ಲಿ ಗ್ರಾಹಕರಿಗೇ ಕೊಡಿ.

ಇನ್ನೊಂದು ವಿನಂತಿ ಪೊಲೀಸರಿಗೆ ಮತ್ತು ಸಾರಿಗೆ ಇಲಾಖೆಗೆ. ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಮೀನಿನ ಲಾರಿಗಳು ಮಂಜುಗಡ್ಡೆ ಕರಗಿದ ಉಪ್ಪುನೀರನ್ನು ರಸ್ತೆಗೇ ಬಿಡುತ್ತವೆ. ಬೈಕಿನವರು ಜಾರಿ ಬೀಳುವುದು ದೊಡ್ಡ ವಿಷಯ. ಕಾರಿನ ತಳ, ಚಕ್ರ ಸವೆದುಹೋಗುವುದು ಅದರ ನಂತರದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಷ್ಟೇ ಈ ಕಾಟ ತಗ್ಗುತ್ತದೆ. ಲಾರಿಯಡಿ ನೀರು ಹಿಡಿಯುವ ತೊಟ್ಟಿ ಇದೆಯೇ, ಅದರ ನಲ್ಲಿ ಮುಚ್ಚಿದೆಯೇ ಎಂದು ಚೆಕ್‌ಪೋಸ್ಟುಗಳಲ್ಲಿ ನೋಡಲಿ. ಅಲ್ಲಿಯವರೆಗೆ, ಅಂಥ ಲಾರಿಯ ಹಿಂದೆ ಬಂದ ದಿನ ಸಂಜೆಯೇ ಚಕ್ರದ ಕಮಾನಿನ ಒಳಗೆ, ಬಾಗಿಲ ಕೆಳಗಿನ ನೀರು ಬಸಿಯುವ ತೂತುಗಳಿಗೆ ಹತ್ತು ನಿಮಿಷ ಸಿಹಿನೀರು ಹಾಯಿಸಿ.

— ಓರ್ವ ಓದುಗ, ಕೋಡಿಬಾಗ, ಕಾರವಾರ