ಚಂದಾ ಹಣದಲ್ಲಿ ಸಣ್ಣ ನೆರವಿಗೂ ಒಂದು ಪಾಲಿರಲಿ

ಮಾನ್ಯರೇ,

ಎಲ್ಲರೂ ಸೇರಿ ಎತ್ತಿದ ಚಂದಾ ಸಾಮಾನ್ಯವಾಗಿ ಕಟ್ಟಡಕ್ಕೋ ಕಾರ್ಯಕ್ರಮಕ್ಕೋ ಹೋಗುತ್ತದೆ. ಅದು ತಪ್ಪಲ್ಲ. ಆದರೆ ಒಂದು ಚಿಕ್ಕ ಪಾಲು ಅಕ್ಕಪಕ್ಕದವರ ಸಣ್ಣಪುಟ್ಟ ಕಷ್ಟಕ್ಕೂ ಇರಲಿ ಎಂಬುದು ನನ್ನ ಆಸೆ.

ಪಕ್ಕದ ಮನೆಯ ಅಜ್ಜಿಯೊಬ್ಬರು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿ ತಿಂಗಳುಗಟ್ಟಲೆ ಹಾಕಿಕೊಂಡಿದ್ದರು. ಯಾರನ್ನೂ ಕೇಳಲಿಲ್ಲ. ಸಂಘದವರು ಸುಮ್ನೆ ಹೋಗಿ ಹೊಸದು ಮಾಡಿಸಿಕೊಟ್ಟರು. ಫೋಟೊ ಇಲ್ಲ, ಭಾಷಣ ಇಲ್ಲ. ಮಾರನೇ ದಿನ ಅಜ್ಜಿ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದರು, ಬೆರಳಿಟ್ಟು ಸಾಲು ಸಾಲಾಗಿ.

ಹಾಗಂತ ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಹಾಗಿಲ್ಲ. ಒಂದು ಕೆಲಸಕ್ಕೆಂದು ಕೊಟ್ಟ ಹಣವನ್ನು ಕೊಟ್ಟವರ ಒಪ್ಪಿಗೆ ಇಲ್ಲದೆ ಇನ್ನೊಂದಕ್ಕೆ ತಿರುಗಿಸಬಾರದು. ಚಂದಾ ಕೇಳುವಾಗಲೇ 'ಇಷ್ಟು ಪಾಲು ಇದಕ್ಕೆ' ಎಂದು ಹೇಳಿಬಿಡಬೇಕು. ಇಬ್ಬರ ಸಹಿ, ಒಂದು ರಸೀದಿ ಇರಲಿ. ಲೆಕ್ಕ ಎಲ್ಲರಿಗೂ ತೋರಿಸಲಿ, ನೆರವು ಪಡೆದವರ ಹೆಸರು ಮಾತ್ರ ಬೇಡ. ಕಷ್ಟ ಇದೆ ಎಂದು ಬಾಯಿಬಿಟ್ಟು ಹೇಳೋದೇ ಎಷ್ಟು ಸಂಕೋಚದ ಕೆಲಸ, ಅಲ್ವಾ? ಅರ್ಜಿ ಬರೆಸಿ ನಾಲ್ಕು ಸಲ ಓಡಾಡಿಸಿದರೆ ನಿಜವಾಗಿ ಬೇಕಿದ್ದವರು ಬರುವುದೇ ಇಲ್ಲ.

ಸಂಘ-ಸಮಿತಿಗಳಲ್ಲಿ ಇರುವವರು ಮುಂದಿನ ಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ.

– ಓದುಗರೊಬ್ಬರು