ಶನಿವಾರ ಕೇಳಿದ್ದು, ಮುಂದಿನ ವಾರ ಕೇಳುವುದು

ಎಲ್ಲರಿಗೂ ನಮಸ್ಕಾರ. ಶನಿವಾರ ಶಿರಸಿಯಲ್ಲಿ ನಮ್ಮ ಗುಂಪು ಸಂಗೀತ ಕೇಳಲು ಕೂತಾಗ, ಅಮೆರಿಕದ ಸಂಯೋಜಕ ಟೆರಿ ರೈಲಿಯ ‘ಇನ್ ಸಿ’ ಹಾಕಿದಾಗ ಅರ್ಧಕ್ಕೇ ಎದ್ದು ಚಹಾಕ್ಕೆ ಹೋದವರ ಮೇಲೆ ಸಿಟ್ಟೇನಿಲ್ಲ. ‘ಇದು ಅಲ್ಲೇ ಸಿಕ್ಕಿಹಾಕಿಕೊಂಡಿದೆಯಾ?’ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ!

1964ರ ಈ ಕೃತಿಯಲ್ಲಿ ಇರುವುದು 53 ಸಣ್ಣ ತುಣುಕುಗಳು, ಅಷ್ಟೇ. ಒಬ್ಬೊಬ್ಬ ವಾದಕರೂ ಒಂದೊಂದು ತುಣುಕನ್ನು ಬೇಕಾದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುತ್ತಾರೆ. ನನಗೆ ಮೊದಲು ಕಿರಿಕಿರಿಯಾಯಿತು. ಹಿನ್ನೆಲೆಯಲ್ಲಿ ಒಂದೇ ಸ್ವರ ಟಣ್ ಟಣ್ ಅಂತ ಬಡಿಯುತ್ತಲೇ ಇರುತ್ತದಲ್ಲ, ಅದು. ಸ್ವಲ್ಪ ಹೊತ್ತಿಗೆ ಅದರ ಕಡೆ ಗಮನವೇ ಹೋಗಲಿಲ್ಲ, ಸುತ್ತಲಿನದು ಮೆಲ್ಲಗೆ ಜರುಗುವುದು ಕೇಳತೊಡಗಿತು. ತಂಬೂರಿ ಕೆಲಸ ಮಾಡುವುದೂ ಹೀಗೇ ಅಲ್ವಾ? ರೈಲಿ ಆಮೇಲೆ ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯ (ಪರಂಪರೆಯ) ಪಂಡಿತ್ ಪ್ರಾಣನಾಥರ ಶಿಷ್ಯರಾದರು. ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರದೂ ಅದೇ ಘರಾಣೆ.

ಮುಂದಿನ ಶನಿವಾರ ಅಮೆರಿಕದ ಇನ್ನೊಬ್ಬ ಸಂಯೋಜಕ ಸ್ಟೀವ್ ರೈಶ್ ಅವರ ‘ಕ್ಲ್ಯಾಪಿಂಗ್ ಮ್ಯೂಸಿಕ್’, 1972ರದ್ದು. ವಾದ್ಯವೇ ಇಲ್ಲ, ಇಬ್ಬರ ಚಪ್ಪಾಳೆ ಮಾತ್ರ. ಒಬ್ಬರು ಒಂದೇ ಲಯ ಹಿಡಿದಿರುತ್ತಾರೆ, ಇನ್ನೊಬ್ಬರು ಅದೇ ಲಯದಲ್ಲಿ ಒಂದೊಂದೇ ಎಣಿಕೆ ಮುಂದೆ ಸರಿಯುತ್ತಾರೆ. 12 ಸಲ ಸರಿದ ಮೇಲೆ ಇಬ್ಬರೂ ಮತ್ತೆ ಕೂಡುತ್ತಾರೆ. ಗುಂಪಿನಲ್ಲಿರುವ ಚಂಡೆ, ಮದ್ದಲೆಯವರು ದಯವಿಟ್ಟು ತಪ್ಪಿಸಬೇಡಿ. ನಿಮ್ಮ ಕೈಯಲ್ಲೇ ಮಾಡಿಸಿ ನೋಡುವ ಆಸೆ ಇದೆ.

ಶಿರಸಿಗೆ ಬರಲಾಗದ ಕಾರವಾರ, ಕುಮಟಾ ಕಡೆಯವರು ಮನೆಯಲ್ಲೇ ಕೇಳಿ, ಆದರೆ ಇಯರ್‌ಫೋನ್ ಹಾಕಿಕೊಂಡು. ಈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಫೋನಿನ ಸ್ಪೀಕರ್ ಏನೂ ಕೇಳಿಸುವುದಿಲ್ಲ. ಅನಿಸಿದ್ದನ್ನು ಇಲ್ಲೇ ಬರೆಯಿರಿ. ಬೈದರೂ ಅಡ್ಡಿಲ್ಲ, ಸುಮ್ನೆ ಹೆಬ್ಬೆಟ್ಟು ಮಾತ್ರ ಒತ್ತಬೇಡಿ.