ಬೆರಳ ಗುರುತಿನ ಪರೀಕ್ಷೆಗೆ ದುಡ್ಡು ಕಳಿಸುವುದಿಲ್ಲ, ಪುಟ್ಟಿ

ಮಂಡ್ಯ

ಪುಟ್ಟಿ,

ಹಾಸ್ಟೆಲ್ ಊಟ ಈಗಲಾದರೂ ಸೇರುತ್ತಿದೆಯಾ? ನೀನು ವಾಟ್ಸ್‌ಆಪ್‌ನಲ್ಲಿ ಕಳಿಸಿದ ಕರಪತ್ರ ಓದಿದೆ. ಹತ್ತು ಬೆರಳಿನ ಅಚ್ಚು ಕೊಟ್ಟರೆ ಮೆದುಳು ಹೇಗಿದೆ, ಯಾವ ಕೋರ್ಸ್ ಒಗ್ಗುತ್ತದೆ ಅಂತ ಹೇಳುತ್ತಾರಂತೆ. ಫೋನಿನಲ್ಲಾದರೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ, ಮೆದುಳೂ ಆಗಲೇ ಬೆಳೆಯುತ್ತಿರುತ್ತದೆ. ಎರಡರಲ್ಲೂ ಜೀನ್‌ಗಳ ಕೈವಾಡ ಇದೆ. ಇಷ್ಟು ನಿಜ ಹೇಳಿ, ಮಿಕ್ಕಿದ್ದನ್ನು ಸುಮ್ನೆ ಸೇರಿಸುತ್ತಾರೆ. ಗೆರೆ ನೋಡಿ ಕೆಲಸ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ.

ಮೆದುಳಿನಲ್ಲಿ ಜೀನ್‌ಗಳ ಪಾಲೆಷ್ಟು ಅಂತ ನಿಜವಾಗಿ ಗೊತ್ತಿರುವುದು ಹೆಚ್ಚಾಗಿ ಅವಳಿಗಳಿಂದ. ಒಂದೇ ಅಂಡದ ಅವಳಿಗಳಿಗೆ ಜೀನ್ ಹೆಚ್ಚುಕಮ್ಮಿ ಪೂರ್ತಿ ಒಂದೇ, ಎರಡು ಅಂಡದವರಿಗೆ ಸುಮಾರು ಅರ್ಧ. ಬೆಳೆಯುವುದು ಮಾತ್ರ ಇಬ್ಬರೂ ಒಂದೇ ಮನೆಯಲ್ಲಿ. ಪಾಲ್ ಥಾಂಪ್ಸನ್ ಅನ್ನೋ ವಿಜ್ಞಾನಿಯ ತಂಡ 2001ರಲ್ಲಿ ಇಂಥವರ ಮೆದುಳಿನ ಸ್ಕ್ಯಾನ್ ಹೋಲಿಸಿತು. ಒಂದೇ ಅಂಡದವರಲ್ಲಿ ಹಣೆಯ ಹಿಂದಿನ ಬೂದು ಭಾಗ (ನರಕೋಶಗಳು ತುಂಬಿರುವ ಪದರ) ತುಂಬಾ ಹೋಲುತ್ತಿತ್ತು. ಆದರೂ ಮೆದುಳಿನ ಮೇಲಿನ ಮಡಿಕೆಗಳು ಅಂಥವರಲ್ಲೂ ಬೇರೆ ಬೇರೆ.

ಕೆಲಸದ ವಿಷಯಕ್ಕೆ ಬಂದರೆ, 2010ರಲ್ಲಿ ರಿಚರ್ಡ್ ಹೇಯರ್ ಅನ್ನೋ ಸಂಶೋಧಕರ ತಂಡ ವೃತ್ತಿ ಸಲಹೆಗೆ ಬಳಸುವ ಪರೀಕ್ಷೆಗಳ ಅಂಕವನ್ನು ಬೂದು ಭಾಗದ ಜೊತೆ ತಾಳೆ ನೋಡಿತು. ಸ್ವಲ್ಪ ನಂಟು ಕಂಡಿತು. ನೋಡಿದ್ದು 40 ಜನರನ್ನು. ಅಷ್ಟರಿಂದ ಒಬ್ಬಳು ಹುಡುಗಿ ಏನು ಓದಬೇಕು ಅಂತ ಹೇಳೋಕಾಗುತ್ತಾ?

ನನಗೆ ಇಷ್ಟವಾದದ್ದು ಲಂಡನ್ ಟ್ಯಾಕ್ಸಿಯವರ ಕಥೆ. ಆ ಊರಿನ ಸಾವಿರಾರು ಬೀದಿ ಬಾಯಿಪಾಠ ಆದರೇನೇ ಲೈಸೆನ್ಸ್. ಎಲಿನಾರ್ ಮಗ್ವಾಯರ್ ಮತ್ತು ಕ್ಯಾಥರೀನ್ ವೂಲೆಟ್ ಅನ್ನೋ ಸಂಶೋಧಕರು ಅವರ ಮೆದುಳನ್ನು ಕಲಿಕೆಗೆ ಮುಂಚೆ, ಆಮೇಲೆ ಎರಡೂ ಸಲ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದರು. ಶುರುವಿನಲ್ಲಿ ಪಾಸಾದವರಿಗೂ ಆಗದವರಿಗೂ ವ್ಯತ್ಯಾಸ ಇರಲಿಲ್ಲ. ಕೊನೆಗೆ, ಪಾಸಾದವರಲ್ಲಿ ಮಾತ್ರ ಹಿಪೊಕ್ಯಾಂಪಸ್‌ನ, ಅಂದರೆ ದಾರಿ ನೆನಪಿಡಲು ಬೇಕಾದ ಮೆದುಳಿನ ಭಾಗದ, ಹಿಂಭಾಗ ಬೆಳೆದಿತ್ತು.

ನಮ್ಮ ಆಲೆಮನೆಯನ್ನೇ ತಗೋ. ಕೊಪ್ಪರಿಗೆಯಲ್ಲಿ ಪಾಕ ಉಕ್ಕುವಾಗ ನಿನ್ನ ತಾತ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿ ‘ಇಳಿಸ್ರೋ’ ಅನ್ನುತ್ತಿದ್ದರು. ಆ ಹದ ನಿನ್ನ ಮಾವನಿಗೂ ಬಂತು. ರಕ್ತದಲ್ಲೇ ಇದೆ ಅಂದರು ಊರವರು. ಮಾವ ಚಡ್ಡಿ ಹಾಕುವ ಕಾಲದಿಂದ ಒಲೆಗೆ ಸಿಪ್ಪೆ ತಳ್ಳುತ್ತಾ ಅಲ್ಲೇ ಕೂತಿರುತ್ತಿದ್ದದ್ದು ಲೆಕ್ಕಕ್ಕೇ ಇಲ್ಲ! ನನ್ನನ್ನು ಹೆಣ್ಣುಮಗು ಅಂತ ಕೊಪ್ಪರಿಗೆ ಹತ್ತಿರ ಬಿಡಲಿಲ್ಲ. ನನಗೆ ಹದ ಬರಲಿಲ್ಲ. ನಾನೂ ಅದೇ ತಾತನ ಮಗಳೇ ಅಲ್ವಾ?

ತೊದಲುವ ಮಕ್ಕಳಿಗೆ ಮಾತು ಕಲಿಸುವ ಓದು ಇಷ್ಟ ಅಂದಿದ್ದೆ. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿನಗೆ ಸಿಟಿ ಬಸ್ಸಿನ ದೂರ. ನಾನು ಬಯಾಲಜಿ ಹೇಳಿಕೊಟ್ಟ ಹುಡುಗಿಯೊಬ್ಬಳು ಅಲ್ಲಿ ಓದುತ್ತಿದ್ದಾಳೆ, ನಂಬರ್ ಕಳಿಸುತ್ತೇನೆ. ದಿನಕ್ಕೆ ಎಷ್ಟು ಹೊತ್ತು ಮಕ್ಕಳ ಜೊತೆ ಕೂರಬೇಕು, ಯಾವುದು ಬೇಜಾರು, ಎಲ್ಲ ಕೇಳು. ಭಾನುವಾರ ಬೇಡ, ರಜ. ಬಸ್ಸು ಹೇಗೂ ಫ್ರೀ, ಆಧಾರ್ ಮರೀಬೇಡ.

ನಿನ್ನ
ಅಮ್ಮ